ಖುಲಾಸೆಯ ಮೇಲೊಂದು ಷರಾ

2011ರ ಜನವರಿಯಲ್ಲಿ ಇಂಗ್ಲೆಂಡಿನ ಬೋಲ್ಟನ್ ಪಟ್ಟಣದ ಕ್ರೌನ್ ಕೋರ್ಟಿನಲ್ಲಿ ಜ್ಯೂರಿ ಒಬ್ಬ ಟ್ಯಾಕ್ಸಿ ಚಾಲಕರನ್ನು ನಿರ್ದೋಷಿ ಎಂದು ಸಾರಿತು. 2009ರ ನವೆಂಬರಿನಲ್ಲಿ ಅವರ ಕಾರು ಹತ್ತಿದ್ದ 17 ವರ್ಷದ ಹುಡುಗಿಯೊಬ್ಬಳು, ನಿರ್ಜನ ಜಾಗಕ್ಕೆ ಕರೆದೊಯ್ದು ಅತ್ಯಾಚಾರ ಮಾಡಿದರು ಎಂದು ದೂರು ಕೊಟ್ಟಿದ್ದಳು. ಅವಳನ್ನು ಕಾರಿನಲ್ಲಿ ಕರೆದೊಯ್ದದ್ದು ನಿಜ, ಉಳಿದದ್ದು ಸುಳ್ಳು ಎಂದು ಚಾಲಕರು ಮೊದಲ ದಿನದಿಂದಲೂ ಹೇಳುತ್ತ ಬಂದಿದ್ದರು. ಅವರು ಶಿಕ್ಷಕರಾಗಲು ಓದಿದವರು, ಸಂಸಾರಸ್ಥರು, ಅದಕ್ಕೆ ಮೊದಲು ಯಾವ ಕೇಸಿನಲ್ಲೂ ಹೆಸರು ಬಂದವರಲ್ಲ. ಹುಡುಗಿಯ ಸಾಕ್ಷ್ಯವನ್ನೂ ಅವರ ಸಾಕ್ಷ್ಯವನ್ನೂ ಕೇಳಿದ ಜ್ಯೂರಿ ಅವರನ್ನು ಬಿಡುಗಡೆ ಮಾಡಿತು. ಕೋರ್ಟಿನ ದಾಖಲೆಗಳಲ್ಲಿ ಅವರಿಗೆ ಹೆಸರಿಲ್ಲ, ಎ.ಆರ್. ಎಂಬ ಎರಡು ಅಕ್ಷರಗಳಷ್ಟೇ ಇವೆ.

ಅದೇ ವರ್ಷ ಎ.ಆರ್. ಉಪನ್ಯಾಸಕರ ಹುದ್ದೆಗೆ ಅರ್ಜಿ ಹಾಕಿದರು. ಕೆಲಸ ಕೊಡುವವರು ಕೇಳುವ ಪೊಲೀಸ್ ಪ್ರಮಾಣಪತ್ರ ಬಂತು. ಶಿಕ್ಷೆಗಳ ಕಾಲಮ್ಮಿನಲ್ಲಿ ಏನೂ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಆದರೆ ಕೆಳಗಿನ ಇನ್ನೊಂದು ಚೌಕದಲ್ಲಿ ಇಡೀ ಆರೋಪವನ್ನು ಬಿಡಿಸಿ ಬರೆಯಲಾಗಿತ್ತು: ದಿನಾಂಕ, ಹುಡುಗಿಯ ವಯಸ್ಸು, ಅವಳು ಹೇಳಿದ ವಿವರ, ಬಂಧನ, ವಿಚಾರಣೆ. ಕಟ್ಟಕಡೆಗೆ, ನಿರ್ದೋಷಿ ಎಂದು ತೀರ್ಪಾಯಿತು ಎಂಬ ಮಾತು. 2012ರಲ್ಲಿ ಬಾಡಿಗೆ ಕಾರು ಓಡಿಸುವ ಲೈಸೆನ್ಸಿಗೆಂದು ಅರ್ಜಿ ಹಾಕಿದಾಗಲೂ ಅದೇ ಚೌಕ, ಅದೇ ಕಥೆ. ಪಾಠ ಹೇಳುವ ಕೆಲಸವೂ ಇಲ್ಲ, ಕಾರು ಓಡಿಸುವ ಕೆಲಸವೂ ಇಲ್ಲ ಎಂಬ ಸ್ಥಿತಿಯಲ್ಲಿ ಅವರು ಗ್ರೇಟರ್ ಮ್ಯಾಂಚೆಸ್ಟರ್ ಪೊಲೀಸರ ವಿರುದ್ಧ ನ್ಯಾಯಾಲಯಕ್ಕೆ ಹೋದರು. ಹೈಕೋರ್ಟಿನಲ್ಲಿ ಸೋತರು, ಮೇಲ್ಮನವಿಯಲ್ಲಿ ಸೋತರು. 2018ರ ಜುಲೈ 30ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟಿನಲ್ಲೂ ಸೋತರು.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮಕ್ಕಳ, ರೋಗಿಗಳ, ಕೈಲಾಗದ ವೃದ್ಧರ ನಡುವೆ ಕೆಲಸ ಮಾಡಬೇಕಾದವರಿಗೆ ಈ ಪ್ರಮಾಣಪತ್ರ ತಪ್ಪಿದ್ದಲ್ಲ. ಅದರ ಹೆಸರು ಎನ್‌ಹಾನ್ಸ್‌ಡ್ ಸರ್ಟಿಫಿಕೇಟ್. 1997ರ ಪೊಲೀಸ್ ಕಾಯ್ದೆ ಇದಕ್ಕೆ ಆಧಾರ. 2002ರಲ್ಲಿ ಕ್ರಿಮಿನಲ್ ರೆಕಾರ್ಡ್ಸ್ ಬ್ಯೂರೊ ಇದನ್ನು ಕೊಡಲು ಶುರುಮಾಡಿತು. 2012ರ ಡಿಸೆಂಬರಿನಿಂದ ಡಿಬಿಎಸ್ ಎಂದು ಎಲ್ಲರ ಬಾಯಲ್ಲೂ ಇರುವ ಡಿಸ್‌ಕ್ಲೋಷರ್ ಆ್ಯಂಡ್ ಬಾರಿಂಗ್ ಸರ್ವಿಸ್ ಕೊಡುತ್ತಿದೆ. ಅರ್ಜಿದಾರರು ಹಿಂದಿನ ಐದು ವರ್ಷ ಎಲ್ಲೆಲ್ಲಿ ವಾಸವಿದ್ದರು ಎಂಬ ವಿಳಾಸಗಳನ್ನು ಬರೆದುಕೊಡಬೇಕು. ರಾಷ್ಟ್ರಮಟ್ಟದ ಪೊಲೀಸ್ ಕಂಪ್ಯೂಟರಿನಲ್ಲಿ ಶಿಕ್ಷೆಯ ದಾಖಲೆಗಳನ್ನು ಹುಡುಕಿದ ಮೇಲೆ ಅರ್ಜಿ ಸ್ಥಳೀಯ ಪೊಲೀಸರ ಕಡೆ ಹೊರಳುತ್ತದೆ. ಸಾಮಾನ್ಯ ಪ್ರಮಾಣಪತ್ರಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ಸ್ಥಳೀಯ ಪೊಲೀಸರ ಕಡತದಲ್ಲಿ ಏನೆಲ್ಲ ಇರಬಹುದು! ಕೋರ್ಟಿಗೆ ಹೋಗದ ದೂರು, ಸಾಕ್ಷಿ ಸಾಲದೆ ಕೈಬಿಟ್ಟ ತನಿಖೆ, ನೆರೆಯವರು ಫೋನ್ ಮಾಡಿ ಹೇಳಿದ ಅನುಮಾನ, ಸಮಾಜ ಕಲ್ಯಾಣ ಇಲಾಖೆಯವರು ಕಳಿಸಿದ ಟಿಪ್ಪಣಿ. ಅದರಲ್ಲಿ ಯಾವುದು ಈ ಕೆಲಸಕ್ಕೆ ಸಂಬಂಧಪಟ್ಟದ್ದು, ಯಾವುದನ್ನು ತಿಳಿಸಬೇಕು ಎಂದು ಆ ಪ್ರದೇಶದ ಪೊಲೀಸ್ ಮುಖ್ಯಸ್ಥರ ಪರವಾಗಿ ಒಬ್ಬ ಅಧಿಕಾರಿ ತೀರ್ಮಾನಿಸುತ್ತಾರೆ. ತೀರ್ಮಾನ ಆ ಚೌಕದೊಳಗೆ ನಾಲ್ಕೈದು ಸಾಲುಗಳಾಗಿ ಇಳಿಯುತ್ತದೆ. ನಮ್ಮ ಕಚೇರಿಗಳ ಕಡತದಲ್ಲಿ ಇಂಥದ್ದಕ್ಕೆ ಷರಾ ಎನ್ನುತ್ತಾರೆ.

ಇಂಥ ಷರಾ ಏಕೆ ಬೇಕಾಯಿತು ಎಂಬುದನ್ನು ಅರಿಯದೆ ಇದನ್ನು ಅನ್ಯಾಯ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. 2002ರ ಆಗಸ್ಟ್ 4ರ ಭಾನುವಾರ ಕೇಂಬ್ರಿಜ್‌ಶೈರಿನ ಸೋಹಮ್ ಎಂಬ ಸಣ್ಣ ಊರಿನಲ್ಲಿ ಹತ್ತು ವರ್ಷದ ಇಬ್ಬರು ಗೆಳತಿಯರು ಸಂಜೆ ಮನೆಯಿಂದ ಹೊರಗೆ ಹೋದವರು ಹಿಂದಿರುಗಲಿಲ್ಲ. ಎರಡು ವಾರಗಳ ಹುಡುಕಾಟದ ಬಳಿಕ ಅವರ ಶವಗಳು ಸಿಕ್ಕವು. ಕೊಂದವನು ಆ ಊರಿನ ಹೈಸ್ಕೂಲಿನ ಕೇರ್‌ಟೇಕರ್ ಇಯಾನ್ ಹಂಟ್ಲಿ. 2003ರ ಡಿಸೆಂಬರಿನಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಶಿಕ್ಷೆಯಾದ ಮೇಲೆ ಹೊರಬಂದ ಸಂಗತಿ ಇಡೀ ದೇಶವನ್ನು ನಡುಗಿಸಿತು. 1995ರಿಂದ 1999ರ ನಡುವೆ, ಅವನು ಹಂಬರ್‌ಸೈಡಿನಲ್ಲಿದ್ದಾಗ, ಅಪ್ರಾಪ್ತ ಹುಡುಗಿಯರ ಜೊತೆ ಲೈಂಗಿಕ ಸಂಪರ್ಕ, ಅತ್ಯಾಚಾರ, ಬಾಲಕಿಯ ಮೇಲೆ ಲೈಂಗಿಕ ದೌರ್ಜನ್ಯ ಹೀಗೆ ಬೇರೆ ಬೇರೆ ಹೆಣ್ಣುಮಕ್ಕಳ ವಿಚಾರದಲ್ಲಿ ಅವನ ಹೆಸರು ಪೊಲೀಸರ ಮುಂದೆ ಮತ್ತೆ ಮತ್ತೆ ಬಂದಿತ್ತು. ಒಂದರಲ್ಲೂ ಶಿಕ್ಷೆಯಾಗಿರಲಿಲ್ಲ.

ಸರ್ ಮೈಕಲ್ ಬಿಚರ್ಡ್ ನೇತೃತ್ವದ ವಿಚಾರಣಾ ಸಮಿತಿ 2004ರ ಜೂನಿನಲ್ಲಿ ವರದಿ ಕೊಟ್ಟಿತು. ಅದು ಹೇಳಿದ್ದನ್ನು ಓದಿದರೆ ಹೊಟ್ಟೆ ಕಿವುಚುತ್ತದೆ. ಹಂಬರ್‌ಸೈಡ್ ಪೊಲೀಸರು ಆ ದೂರುಗಳನ್ನು ಒಂದಕ್ಕೊಂದು ಜೋಡಿಸಿ ನೋಡಲೇ ಇಲ್ಲ, ಹಲವು ವಿವರಗಳು ಅವರ ಬಳಿ ಉಳಿದಿರಲೂ ಇಲ್ಲ. ದತ್ತಾಂಶ ರಕ್ಷಣೆಯ ಕಾಯ್ದೆ ಅಡ್ಡ ಬಂತು ಎಂಬ ಅವರ ಸಬೂಬನ್ನು ಸಮಿತಿ ಒಪ್ಪಲಿಲ್ಲ. ಹಂಟ್ಲಿ 2001ರ ಕೊನೆಯಲ್ಲಿ ಶಾಲೆಯ ಕೆಲಸಕ್ಕೆ ಸೇರುವಾಗ ತಾಯಿಯ ತವರಿನ ಹೆಸರು ಹಚ್ಚಿಕೊಂಡು ಇಯಾನ್ ನಿಕ್ಸನ್ ಎಂದು ಬರೆದಿದ್ದ. ಕೇಂಬ್ರಿಜ್‌ಶೈರ್ ಪೊಲೀಸರು ನಿಕ್ಸನ್ ಹೆಸರನ್ನಷ್ಟೇ ಹುಡುಕಿದರು, ಹಂಟ್ಲಿ ಹೆಸರನ್ನು ಹುಡುಕಲಿಲ್ಲ. ಕೊಲೆಯಾದ ಮಕ್ಕಳು ಅವನ ಶಾಲೆಯವರಲ್ಲ ಎಂಬುದೂ ನೆನಪಿಡಬೇಕಾದ ಮಾತು. ಅವನ ಸಂಗಾತಿ ಆ ಮಕ್ಕಳ ಪ್ರಾಥಮಿಕ ಶಾಲೆಯಲ್ಲಿ ಸಹಾಯಕಿಯಾಗಿದ್ದಳು, ಆ ಪರಿಚಯವೇ ಅವರನ್ನು ಅವನ ಮನೆಯ ಬಾಗಿಲಿಗೆ ಕರೆತಂದಿತ್ತು. ಹಾಗಿದ್ದರೂ, ಅವನ ಹಿಂದಿನ ಜಾಡು ಯಾರಿಗಾದರೂ ಕಂಡಿದ್ದರೆ ಶಾಲೆಯೊಂದರ ಬೀಗದ ಕೈ ಅವನ ಕೈಗೆ ಸಿಗುತ್ತಿರಲಿಲ್ಲ. ಆ ತಂದೆತಾಯಿಯರ ಮುಂದೆ ನಿಂತು, ಶಿಕ್ಷೆಯಾಗದಿದ್ದರೆ ಪೊಲೀಸರು ಬಾಯಿ ಬಿಡಬಾರದು ಎಂದು ಹೇಳಲು ಯಾರಿಂದ ಸಾಧ್ಯ?

ಲೈಂಗಿಕ ಅಪರಾಧಕ್ಕೆ ಸಾಕ್ಷಿಗಳು ಸಿಗುವುದು ಅಪರೂಪ. ಮುಚ್ಚಿದ ಬಾಗಿಲ ಹಿಂದೆ ಇಬ್ಬರೇ ಇರುತ್ತಾರೆ, ಅದರಲ್ಲೊಬ್ಬರು ಕೆಲವೊಮ್ಮೆ ಮಾತು ಬಾರದಷ್ಟು ಎಳೆಯರು. ನ್ಯಾಯಾಲಯ ಸಂಶಯಕ್ಕೆ ಎಡೆಯಿಲ್ಲದ ಪುರಾವೆ ಕೇಳುತ್ತದೆ, ಜೈಲಿಗೆ ಕಳಿಸುವ ಮುನ್ನ ಕೇಳಲೇಬೇಕು. ಆ ಅಳತೆಗೆ ನಿಲ್ಲದ ದೂರೆಲ್ಲ ಸುಳ್ಳೆಂದು ಅರ್ಥವಲ್ಲ. ಬೋಲ್ಟನ್ನಿನ ಆ ಹುಡುಗಿ ಸುಳ್ಳು ಹೇಳಿದಳೆಂದು ಜ್ಯೂರಿ ಹೇಳಲಿಲ್ಲ. ತನ್ನ ಮಗುವನ್ನು ಶಿಶುವಿಹಾರಕ್ಕೆ ಬಿಟ್ಟು ಕೆಲಸಕ್ಕೆ ಹೋಗುವ ತಾಯಿ, ಇಲ್ಲಿನ ಸಿಬ್ಬಂದಿಯ ಬಗ್ಗೆ ಪೊಲೀಸರಿಗೆ ಗೊತ್ತಿರುವುದು ಈ ಸಂಸ್ಥೆಗೂ ಗೊತ್ತಿದೆಯೇ ಎಂದು ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ.

ಸೋಹಮ್ ಆದಮೇಲೆ ತಕ್ಕಡಿ ಒಂದೇ ಕಡೆ ವಾಲಿತು. 2004ರಲ್ಲಿ ವೆಸ್ಟ್ ಮಿಡ್‌ಲ್ಯಾಂಡ್ಸ್ ಪೊಲೀಸರ ವಿರುದ್ಧ ಒಬ್ಬ ಸಮಾಜ ಕಾರ್ಯಕರ್ತರು ಹೂಡಿದ್ದ ಮೊಕದ್ದಮೆ ಮೇಲ್ಮನವಿ ನ್ಯಾಯಾಲಯಕ್ಕೆ ಬಂತು. ಅಸಭ್ಯವಾಗಿ ನಡೆದುಕೊಂಡರೆಂಬ ಆರೋಪ ಅವರ ಮೇಲಿತ್ತು, ದೂರು ಕೊಟ್ಟಾಕೆ ಅವರನ್ನು ಗುರುತಿಸಲಾಗದೆ ಕೇಸು ಬಿದ್ದುಹೋಗಿತ್ತು. ಆದರೂ ಅದು ಪ್ರಮಾಣಪತ್ರದಲ್ಲಿ ಬಂತು. ತಡೆಹಿಡಿಯಲು ಬಲವಾದ ಕಾರಣವಿಲ್ಲದಿದ್ದರೆ ಪೊಲೀಸರು ತಿಳಿಸಲೇಬೇಕು ಎಂಬ ಧಾಟಿಯಲ್ಲಿ ಲಾರ್ಡ್ ವುಲ್ಫ್ ತೀರ್ಪಿತ್ತರು. ಅಲ್ಲಿಂದ ಐದು ವರ್ಷ, ಸಂಶಯವಿದ್ದರೆ ಬರೆದುಬಿಡುವುದೇ ಪೊಲೀಸರಿಗೆ ಕ್ಷೇಮದ ದಾರಿಯಾಯಿತು. ತಿಳಿಸದೆ ಏನಾದರೂ ಅನಾಹುತವಾದರೆ ಪತ್ರಿಕೆಗಳ ಮುಖಪುಟದಲ್ಲಿ ಪೊಲೀಸ್ ಮುಖ್ಯಸ್ಥರ ಚಿತ್ರ ಬರುತ್ತದೆ. ತಿಳಿಸಿದ್ದರಿಂದ ಒಬ್ಬರ ಬದುಕು ಮುರಿದುಬಿದ್ದರೆ ಅದು ಸುದ್ದಿಯೇ ಆಗುವುದಿಲ್ಲ.

ಈ ವಾಲುವಿಕೆಯನ್ನು ನೇರ ಮಾಡಿದ್ದು ಶಾಲೆಯ ಊಟದ ಬಿಡುವಿನಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಒಬ್ಬ ತಾಯಿಯ ಮೊಕದ್ದಮೆ. ಕೋರ್ಟಿನಲ್ಲಿ ಆಕೆ ಎಲ್. ಲಂಡನ್ನಿನ ಶಾಲೆಯೊಂದರಲ್ಲಿ ಅಂಗಳದಲ್ಲಿ ಆಡುವ, ಊಟದ ಕೋಣೆಯಲ್ಲಿ ಕೂರುವ ಮಕ್ಕಳ ಮೇಲೆ ಕಣ್ಣಿಡುವುದು ಆಕೆಯ ಕೆಲಸ. 2004ರ ಕೊನೆಯಲ್ಲಿ ಬಂದ ಪ್ರಮಾಣಪತ್ರ, ಆಕೆ ಅಪರಾಧಿ ಎನ್ನಲಿಲ್ಲ. ಆಕೆಯ ಮಗನನ್ನು ಹಿಂದೊಮ್ಮೆ ನಿರ್ಲಕ್ಷ್ಯದ ಕಾರಣಕ್ಕೆ ರಕ್ಷಣೆ ಬೇಕಾದ ಮಕ್ಕಳ ಪಟ್ಟಿಗೆ ಸೇರಿಸಲಾಗಿತ್ತು, ಅಧಿಕಾರಿಗಳ ಜೊತೆ ಆಕೆ ಸಹಕರಿಸಲಿಲ್ಲ ಎಂದಿತು. ಕೆಲಸ ಹೋಯಿತು. 2009ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಆಕೆಯ ಮನವಿಯನ್ನು ವಜಾ ಮಾಡಿತಾದರೂ ತತ್ವವನ್ನು ಬದಲಿಸಿತು. ಇಂಥ ಷರಾ ವ್ಯಕ್ತಿಯ ಖಾಸಗಿ ಬದುಕಿನ ಹಕ್ಕನ್ನು ತಟ್ಟುತ್ತದೆ, ಮಕ್ಕಳ ರಕ್ಷಣೆಗೂ ಆ ಹಕ್ಕಿಗೂ ಸಮಾನ ತೂಕ ಕೊಡಬೇಕು, ತಿಳಿಸುವುದೇ ನಿಯಮ ಎಂದು ಮೊದಲೇ ಒಪ್ಪಿಕೊಂಡು ಹೊರಡಬಾರದು, ಸಂದೇಹವಿರುವಲ್ಲಿ ಆ ವ್ಯಕ್ತಿಯ ಮಾತನ್ನು ಮೊದಲು ಕೇಳಬೇಕು ಎಂದಿತು. ಸೋತವಳೊಬ್ಬಳಿಂದಾಗಿ ಆಮೇಲೆ ಬಂದ ಎಷ್ಟೋ ಜನರಿಗೆ ದಾರಿಯಾಯಿತು.

ಹಾಗೆ ದಾರಿ ಸಿಕ್ಕವರಲ್ಲಿ ಒಬ್ಬರು ಕೆಂಟ್ ಪ್ರಾಂತ್ಯದ ನರ್ಸ್. ಕೇರ್ ಹೋಮಿನಲ್ಲಿದ್ದ ವೃದ್ಧರನ್ನು ಒರಟಾಗಿ ನಡೆಸಿಕೊಂಡರೆಂಬ ಆರೋಪ ಅವರ ಮೇಲೆ ಬಂದು, ಪ್ರಾಸಿಕ್ಯೂಷನ್ ಸಾಕ್ಷ್ಯವನ್ನೇ ಮಂಡಿಸದೆ ಕೈಚೆಲ್ಲಿ, ಅವರು ಖುಲಾಸೆಯಾಗಿದ್ದರು. ಆದರೂ ಷರಾ ಬಂತು. ಆ ಆರೋಪಗಳು ಎಷ್ಟು ನಂಬಲರ್ಹ ಎಂಬುದನ್ನು ಹೈಕೋರ್ಟ್ ಒಂದೊಂದಾಗಿ ಪರಿಶೀಲಿಸಿ ಷರಾವನ್ನು ರದ್ದುಮಾಡಿತು. 2013ರಲ್ಲಿ ಪೊಲೀಸರ ಮೇಲ್ಮನವಿಯೂ ಬಿದ್ದುಹೋಯಿತು.

2012ರ ಕಾಯ್ದೆ ಬದಲಾವಣೆಗಳು ಇನ್ನಷ್ಟು ಸುಧಾರಣೆ ತಂದವು. ಅಲ್ಲಿಯವರೆಗೆ ಮಾಹಿತಿ ಸಂಬಂಧಪಟ್ಟಿರಬಹುದು ಎನಿಸಿದರೆ ಸಾಕಿತ್ತು. ಈಗ ಸಂಬಂಧಪಟ್ಟಿದೆ ಎಂದು ನಂಬಲು ಸಕಾರಣ ಬೇಕು. ಹಿಂದೆ ಅರ್ಜಿದಾರರಿಗೆ ಕಾಣದಂತೆ ಕೆಲಸ ಕೊಡುವವರಿಗೆ ಮಾತ್ರ ಗುಟ್ಟಿನ ಪತ್ರ ಹೋಗುವ ಅವಕಾಶವೂ ಇತ್ತು, ಅದನ್ನು ತೆಗೆದುಹಾಕಲಾಯಿತು. ಷರಾವನ್ನು ಪ್ರಶ್ನಿಸಿದರೆ ಪರಿಶೀಲಿಸಲು ಇಂಡಿಪೆಂಡೆಂಟ್ ಮಾನಿಟರ್ ಎಂಬ ಸ್ವತಂತ್ರ ಅಧಿಕಾರಿ ಬಂದರು. 2013ರಿಂದ ಪ್ರಮಾಣಪತ್ರ ಅರ್ಜಿದಾರರ ಕೈಗೇ ಬರುತ್ತದೆ. ಒಳ್ಳೆಯ ಬದಲಾವಣೆಗಳು. ಆದರೆ ಅಸಮತೋಲನ ಒಂದು ಹಾಗೆಯೇ ಉಳಿಯಿತು. ಟಿ. ಎಂದಷ್ಟೇ ಗೊತ್ತಿರುವ ಯುವಕನಿಗೆ 11ನೇ ವಯಸ್ಸಿನಲ್ಲಿ, ಕದ್ದ ಎರಡು ಸೈಕಲ್‌ಗಳ ವಿಚಾರಕ್ಕೆ ಪೊಲೀಸರು ಎಚ್ಚರಿಕೆ ಕೊಟ್ಟಿದ್ದರು. 17ನೇ ವಯಸ್ಸಿನಲ್ಲಿ ಫುಟ್‌ಬಾಲ್ ಕ್ಲಬ್ಬಿನ ಅರೆಕಾಲಿಕ ಕೆಲಸಕ್ಕೆ ಹೋದಾಗ ಅದು ಪ್ರಮಾಣಪತ್ರದಲ್ಲಿ ಬಂತು. ಅವನ ಮೊಕದ್ದಮೆಯ ಒತ್ತಡದಲ್ಲಿ ಸರ್ಕಾರ 2013ರಲ್ಲಿ ಹಳೆಯ, ಸಣ್ಣ ಅಪರಾಧಗಳನ್ನು ಸೋಸಿ ಬಿಡುವ ನಿಯಮ ತಂದಿತು, 2014ರಲ್ಲಿ ಸುಪ್ರೀಂ ಕೋರ್ಟೂ ಹಳೆಯ ಪದ್ಧತಿ ತಪ್ಪೆಂದಿತು. ಅಂದರೆ ಒಪ್ಪಿಕೊಂಡ ಸಣ್ಣ ತಪ್ಪು ಇಷ್ಟು ವರ್ಷಕ್ಕೆ ಅಳಿಯುತ್ತದೆ ಎಂಬ ಲೆಕ್ಕವಿದೆ. ಸಾಬೀತಾಗದ ಆರೋಪಕ್ಕೆ ಅಂಥ ಅವಧಿಯೇ ಇಲ್ಲ. ಎಷ್ಟು ಹಳೆಯದು ಎಂಬುದನ್ನು ಅಧಿಕಾರಿ ಗಮನಿಸಬೇಕು ಎಂಬ ಮಾರ್ಗಸೂಚಿಯಷ್ಟೇ ಇದೆ. ತಪ್ಪು ಮಾಡಿದವನಿಗೆ ಇರುವ ಗಡಿ, ಮಾಡಿದನೋ ಇಲ್ಲವೋ ತಿಳಿಯದವನಿಗೆ ಇಲ್ಲದಿರುವುದು ನನ್ನನ್ನು ಬಹಳ ಕಾಡುತ್ತದೆ.

ಮತ್ತೆ ಎ.ಆರ್. ಪ್ರಕರಣಕ್ಕೆ ಬರುತ್ತೇನೆ. ಲಾರ್ಡ್ ಕಾರ್ನ್‌ವಾತ್ ಬರೆದ ತೀರ್ಪು ಪೊಲೀಸರ ಪರ. ಆದರೆ ಅದೇ ತೀರ್ಪಿನಲ್ಲಿ ನ್ಯಾಯಾಲಯ ತನ್ನ ಆತಂಕವನ್ನೂ ದಾಖಲಿಸಿತು. ಖುಲಾಸೆಯಾದ ಕೇಸು ಪ್ರಮಾಣಪತ್ರದಲ್ಲಿ ಕಂಡರೆ ಅದಕ್ಕೆ ಎಷ್ಟು ತೂಕ ಕೊಡಬೇಕು ಎಂದು ಕೆಲಸ ಕೊಡುವವರಿಗೆ ತಿಳಿಹೇಳುವ ಸರಿಯಾದ ಮಾರ್ಗದರ್ಶನವೇ ಇಲ್ಲ, ಈ ಬಗ್ಗೆ ಗಂಭೀರ ಚಿಂತನೆ ಆಗಬೇಕು ಎಂದಿತು. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ಗಂಟು ಇರುವುದು ಇಲ್ಲೇ. ಪೊಲೀಸರು ಹೇಳುತ್ತಾರೆ: ನಾವು ಮಾಹಿತಿ ಕೊಟ್ಟೆವಷ್ಟೇ, ಕೆಲಸ ನಿರಾಕರಿಸಿದ್ದು ಶಾಲೆ. ಶಾಲೆ ಹೇಳುತ್ತದೆ: ಪೊಲೀಸರೇ ಹೀಗೆ ಬರೆದ ಮೇಲೆ ನಾವು ಹೇಗೆ ಸೇರಿಸಿಕೊಳ್ಳೋಣ? ನೂರು ಅರ್ಜಿಗಳಲ್ಲಿ ಒಂದರ ಮೇಲೆ ಮಾತ್ರ ಅತ್ಯಾಚಾರ ಎಂಬ ಶಬ್ದವಿದ್ದರೆ ಯಾವ ಮುಖ್ಯೋಪಾಧ್ಯಾಯರು ಆ ಅರ್ಜಿಯನ್ನು ಎತ್ತಿಕೊಳ್ಳುವ ಧೈರ್ಯ ಮಾಡುತ್ತಾರೆ? ಹೀಗೆ ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ನಿಯಮ ಪಾಲಿಸಿರುತ್ತಾರೆ, ಒಬ್ಬರ ಅನ್ನ ಹೋಗಿರುತ್ತದೆ, ಅದಕ್ಕೆ ಉತ್ತರ ಕೊಡಬೇಕಾದವರು ಯಾರೂ ಇರುವುದಿಲ್ಲ.

ಅದೇ ಡಿಬಿಎಸ್ ಒಬ್ಬರನ್ನು ಮಕ್ಕಳ ಕೆಲಸದಿಂದ ಅಧಿಕೃತವಾಗಿ ನಿಷೇಧಿಸಬೇಕಾದರೆ ಕ್ರಮವೇ ಬೇರೆ. ಅಲ್ಲಿಯೂ ಶಿಕ್ಷೆಯಾಗಿರಲೇಬೇಕೆಂದಿಲ್ಲ, ನಡೆದಿರುವ ಸಂಭವ ಹೆಚ್ಚು ಎಂದು ಕಂಡರೆ ಸಾಕು. ಆದರೆ ಪುರಾವೆ ಮುಂದಿಟ್ಟು ನಿಮ್ಮ ಉತ್ತರವೇನು ಎಂದು ಕೇಳುತ್ತಾರೆ, ಕಾರಣ ಬರೆದು ಕೊಡುತ್ತಾರೆ, ಟ್ರಿಬ್ಯೂನಲ್ಲಿಗೆ ಮೇಲ್ಮನವಿ ಹೋಗಬಹುದು. ನಿಷೇಧದ ಪಟ್ಟಿಗೆ ಸೇರಿಸುವಷ್ಟು ಬಲವಿಲ್ಲದ ಆರೋಪವೊಂದು ಷರಾ ಆಗಿ ಬಂದು ನಿಷೇಧದ ಕೆಲಸವನ್ನೇ ಮಾಡಿಬಿಡುವುದು ಸರಿಯೆಂದು ನನಗೆ ಅನಿಸುವುದಿಲ್ಲ.

ಹಂಟ್ಲಿ ಮತ್ತು ಎ.ಆರ್. ಪ್ರಕರಣಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಹಂಟ್ಲಿಯ ಮೇಲೆ ಒಬ್ಬರನ್ನೊಬ್ಬರು ಅರಿಯದ ಹಲವು ಹೆಣ್ಣುಮಕ್ಕಳ ದೂರುಗಳಿದ್ದವು, ವರ್ಷ ವರ್ಷ ಬಂದವು, ಒಂದರ ವಿಚಾರಣೆಯೂ ಜ್ಯೂರಿಯ ಮುಂದೆ ಪೂರ್ತಿ ನಡೆಯಲಿಲ್ಲ. ಎ.ಆರ್. ಮೇಲೆ ಇದ್ದದ್ದು ಒಂದೇ ದೂರು, ಅದು ಜ್ಯೂರಿಯ ಮುಂದೆ ಪೂರ್ತಿ ಪರೀಕ್ಷೆಗೊಳಗಾಯಿತು. ಮೊದಲನೆಯದರಲ್ಲಿ ಪೊಲೀಸರಿಗೆ ಮಾತ್ರ ಕಾಣಬಹುದಾದ ಒಂದು ಜಾಡಿತ್ತು. ಎರಡನೆಯದರಲ್ಲಿ ಜ್ಯೂರಿ ಕೇಳಿ ತೀರ್ಮಾನಿಸಿದ್ದಕ್ಕಿಂತ ಹೆಚ್ಚಿನ ಯಾವ ತಿಳಿವಳಿಕೆ ಪೊಲೀಸರ ಬಳಿ ಇತ್ತು? ಹಂಟ್ಲಿಯಂಥವನನ್ನು ತಡೆಯಲು ಕಟ್ಟಿದ ಬೇಲಿ ಇದು. ಅದನ್ನು ಅಂಥದ್ದಕ್ಕೇ ಬಳಸಬೇಕು. ಬೇರೆ ಬೇರೆ ದೂರುಗಳು ಒಂದಕ್ಕೊಂದು ತಾಳೆಯಾದಾಗ ಪೊಲೀಸರು ಹಿಂಜರಿಯದೆ ತಿಳಿಸಲಿ. ಖುಲಾಸೆಯಾದ ಒಂದೇ ಕೇಸನ್ನು, ಬೇರೇನೂ ಹೊಸ ಮಾಹಿತಿ ಇಲ್ಲದೆ, ಬರೆಯುವುದು ನಿಲ್ಲಲಿ. ದೂರು ಕಡತದಲ್ಲಿ ಇರಲಿ, ನಾಳೆ ಇನ್ನೊಂದು ದೂರು ಬಂದರೆ ಅದು ಬೇಕಾಗುತ್ತದೆ. ಪೊಲೀಸರ ಕಡತದಲ್ಲಿ ಇರುವುದಕ್ಕೂ ಶಾಲೆಯ ಮೇಜಿಗೆ ಬರುವುದಕ್ಕೂ ನಡುವೆ ದೊಡ್ಡ ಅಂತರವಿದೆ.

ಈ ಷರಾ ಹೆಚ್ಚು ಯಾರ ಮೇಲೆ ಬೀಳುತ್ತದೆ ಎಂಬುದನ್ನೂ ಯೋಚಿಸಬೇಕು. ಪೊಲೀಸರ ಕಣ್ಣು ಯಾರ ಮೇಲೆ ಹೆಚ್ಚು ಇರುತ್ತದೋ ಅವರ ಹೆಸರು ಕಡತದಲ್ಲಿ ಹೆಚ್ಚು ಇರುತ್ತದೆ. ಇಂಗ್ಲೆಂಡಿನ ಬೀದಿಗಳಲ್ಲಿ ತಡೆದು ತಪಾಸಣೆಗೆ ಒಳಗಾಗುವವರಲ್ಲಿ ಕಪ್ಪು ಜನರ ಪಾಲು ಅವರ ಜನಸಂಖ್ಯೆಯ ಪಾಲಿಗಿಂತ ಬಹಳ ಹೆಚ್ಚು ಎಂಬುದನ್ನು ಅಲ್ಲಿನ ಸರ್ಕಾರದ ಅಂಕಿಅಂಶಗಳೇ ವರ್ಷವರ್ಷ ಹೇಳುತ್ತವೆ. ಸುಳ್ಳು ಆರೋಪಕ್ಕೆ ಒಳಗಾದ ಶಿಕ್ಷಕರು, ದಾದಿಯರು ಮುಂತಾದವರನ್ನು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಕ್ಯಾರೊಲಿನ್ ಹೊಯ್ಲ್ ಮತ್ತು ಸಂಗಡಿಗರು ಸಂದರ್ಶಿಸಿ 2016ರಲ್ಲಿ ವರದಿ ಪ್ರಕಟಿಸಿದರು. ಕೇಸು ಮುಗಿದ ಮೇಲೂ ಆ ಜನ ಅನುಭವಿಸಿದ ಖಿನ್ನತೆ, ಕೆಲಸದ ನಷ್ಟ, ಮುರಿದ ಸಂಬಂಧಗಳು ಅದರಲ್ಲಿವೆ.

ನಮ್ಮ ದೇಶದಲ್ಲಿ ಇಂಥ ಷರಾ ಬರೆಯುವ ಪದ್ಧತಿ ಇದೇ ರೂಪದಲ್ಲಿಲ್ಲ, ಆದರೆ ಇದೇ ಪ್ರಶ್ನೆ ಬೇರೆ ಬಾಗಿಲಿನಿಂದ ಬಂದಿದೆ. ಸರ್ಕಾರಿ ನೌಕರಿಗೆ ಆಯ್ಕೆಯಾದವರು ತುಂಬುವ ದೃಢೀಕರಣ ನಮೂನೆಯಲ್ಲಿ ಶಿಕ್ಷೆಯಷ್ಟೇ ಅಲ್ಲದೆ ಬಂಧನ, ಬಾಕಿ ಇರುವ ಕೇಸು, ಖುಲಾಸೆಯಾದ ಕೇಸು ಎಲ್ಲವನ್ನೂ ಕೇಳುತ್ತಾರೆ. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್, ಕೇಳಿದ್ದನ್ನು ಮುಚ್ಚಿಡಬಾರದು ಎಂದಿತು. ಜೊತೆಗೆ, ಎಳೆ ವಯಸ್ಸಿನಲ್ಲಿ ಘೋಷಣೆ ಕೂಗಿದ್ದಂಥ ಸಣ್ಣ ವಿಷಯಗಳನ್ನು ಮನ್ನಿಸಬಹುದು ಎಂದೂ ಹೇಳಿತು. ಆದರೆ ಗಂಭೀರ ಕೇಸಿನಲ್ಲಿ ಸಂಶಯದ ಲಾಭದ ಮೇಲೆ ಬಿಡುಗಡೆಯಾದವರ ಪೂರ್ವಾಪರವನ್ನು ನೇಮಕ ಮಾಡುವವರು ಪರಿಗಣಿಸಬಹುದು ಎಂಬ ಮಾತೂ ಅದರಲ್ಲಿದೆ. ಅಲ್ಲಿಯಂತೆ ಇಲ್ಲಿಯೂ ಖುಲಾಸೆಗೆ ಪೂರ್ತಿ ಬೆಲೆ ಸಿಗುವುದಿಲ್ಲ.

ಬೆಂಗಳೂರು, ಮಂಗಳೂರುಗಳಲ್ಲಿ ನರ್ಸಿಂಗ್ ಓದಿ ಬ್ರಿಟನ್ನಿನ ಆಸ್ಪತ್ರೆ, ಕೇರ್ ಹೋಮ್‌ಗಳಿಗೆ ಹೋಗುವ ಹುಡುಗಿಯರು, ಹುಡುಗರು ಪಾಸ್‌ಪೋರ್ಟ್ ಕಚೇರಿಯಿಂದ ಪಿಸಿಸಿ, ಅಂದರೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್, ತೆಗೆದುಕೊಂಡೇ ವಿಮಾನ ಹತ್ತುತ್ತಾರೆ. ಅಲ್ಲಿ ಇಳಿದ ಮೇಲೆ ಡಿಬಿಎಸ್ ಬೇರೆ. ಮುಂದೆ ಕೆಲಸ ಬದಲಿಸುವಾಗಲೂ ಅದು ಎದುರಾಗುತ್ತದೆ. ರೋಗಿಯ ಮನೆಯವರ ಒಂದು ದೂರು, ರಾತ್ರಿ ಪಾಳಿಯಲ್ಲಿ ಜೊತೆಗಿದ್ದವರ ಒಂದು ಆಪಾದನೆ, ತನಿಖೆಯಾಗಿ ಏನೂ ಇಲ್ಲವೆಂದು ಮುಗಿದಿದ್ದರೂ ಆ ಚೌಕದೊಳಗೆ ಬರಬಹುದು. ಬಂದರೆ ಹೆದರಿ ಕೆಲಸದ ಆಸೆ ಬಿಡಬಾರದು. ಬರೆಯುವ ಮುನ್ನ ಪೊಲೀಸರಿಂದ ನಿಮ್ಮ ಅಭಿಪ್ರಾಯ ಕೇಳಿ ಪತ್ರ ಬಂದರೆ, ಅದನ್ನು ಬದಿಗಿಡದೆ ಕೊಟ್ಟ ಗಡುವಿನೊಳಗೆ ವಿವರವಾಗಿ ಉತ್ತರಿಸಬೇಕು; ತೀರ್ಮಾನ ಬದಲಾಗುವ ಸಾಧ್ಯತೆ ಅಲ್ಲೇ ಹೆಚ್ಚು. ಬರೆದೇಬಿಟ್ಟಿದ್ದರೆ ತಡಮಾಡದೆ ಡಿಬಿಎಸ್‌ಗೆ ತಕರಾರು ಸಲ್ಲಿಸಬೇಕು. ಪೊಲೀಸರು ಮತ್ತೆ ಪರಿಶೀಲಿಸಿಯೂ ಬದಲಿಸದಿದ್ದರೆ ವಿಷಯ ಇಂಡಿಪೆಂಡೆಂಟ್ ಮಾನಿಟರ್ ಬಳಿ ಹೋಗುತ್ತದೆ, ಷರಾವನ್ನು ತೆಗೆಸುವ ಅಥವಾ ತಿದ್ದಿಸುವ ಅಧಿಕಾರ ಅವರಿಗಿದೆ. ಕೇಸು ಮುಗಿದದ್ದಕ್ಕೆ ಪೊಲೀಸರು ಕೊಟ್ಟ ಪತ್ರ, ಕೋರ್ಟಿನ ಆದೇಶ, ನರ್ಸಿಂಗ್ ಕೌನ್ಸಿಲ್ ವಿಚಾರಿಸಿದ್ದರೆ ಅದರ ತೀರ್ಮಾನ, ಆ ಪಾಳಿಯ ಹಾಜರಿ ಇವನ್ನೆಲ್ಲ ಮೊದಲ ದಿನದಿಂದಲೇ ಜೋಪಾನವಾಗಿಟ್ಟು, ಯೂನಿಯನ್ ಸದಸ್ಯತ್ವವಿದ್ದರೆ ಅವರ ವಕೀಲರ ಮೂಲಕ ಆ ತಕರಾರಿನ ಜೊತೆ ಕಳಿಸಬೇಕು.